ಮೂರು ಕಡೆ ತೋರಿಸಿದ ಗಂಟು

ಬೀರಮ್ಮನಿಗೆ ಮೊದಲು ಹೇಳಿದ ಬೆಲೆಗೆ ಏನನ್ನೂ ಕೊಂಡು ಅಭ್ಯಾಸವಿಲ್ಲ, ಕೊಟ್ಟೂ ಅಭ್ಯಾಸವಿಲ್ಲ. ಪಿರಿಯಾಪಟ್ಟಣದಿಂದ ಹನಗೋಡಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಬರುವ ಬಳೆಗಾರ, ಪಾತ್ರೆಯವನು, ಪ್ಲಾಸ್ಟಿಕ್ ಬಿಂದಿಗೆಯವನು ಎಲ್ಲರೂ ಅವಳ ಮನೆಯ ಮುಂದೆ ಕೊಂಚ ಬೇಗ ಹೆಜ್ಜೆ ಹಾಕುತ್ತಾರೆ. ನಾಲ್ಕನೆಯ ತರಗತಿಯಲ್ಲಿ ನಾನು ಅವಳಿಗೆ ಪಾಠ ಹೇಳಿದ್ದೇನೆ. ಆಗಲೂ ಹಾಗೆಯೇ ಇದ್ದಳು. ಲೆಕ್ಕ ತಪ್ಪೆಂದು ನಾನು ಸ್ಲೇಟಿನ ಮೇಲೆ ಗೀಟು ಹಾಕಿದರೆ ಅದನ್ನು ಲಂಗದ ಅಂಚಿನಿಂದ ಒರೆಸಿ, ಅದೇ ಲೆಕ್ಕವನ್ನು ಇನ್ನಷ್ಟು ದುಂಡಗೆ ಬರೆದು, ಪಕ್ಕದ ಕೊಠಡಿಯ ಮೇಷ್ಟರಿಗೆ ತೋರಿಸಿ ಬರುತ್ತಿದ್ದಳು. ಅವರು ಕಣ್ತಪ್ಪಿ ಸರಿ ಹಾಕಿದರೆ ಸ್ಲೇಟನ್ನು ಎದೆಗವುಚಿಕೊಂಡು ನನ್ನ ಮೇಜಿನ ಮುಂದೆ ಬಂದು ಸುಮ್ಮನೆ ನಿಲ್ಲುವಳು.

ಈಗ ಅವಳಿಗೆ ಐವತ್ತರ ಹತ್ತಿರ. ಗಂಡ ಕರಿಯಪ್ಪನ ಜೊತೆ ಸೇರಿ ಹೊಗೆಸೊಪ್ಪು ಬೆಳೆಯುತ್ತಾಳೆ. ಒಬ್ಬಳೇ ಮಗಳು ಪ್ರಿಯಾಳನ್ನು ಹುಣಸೂರಿಗೆ ಕೊಟ್ಟಿದ್ದಾರೆ. ನಮ್ಮ ಸೀಮೆಯನ್ನು ಕಾಣದವರಿಗಾಗಿ ಒಂದು ಮಾತು ಹೇಳಬೇಕು. ಸೊಪ್ಪನ್ನು ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ, ಗೋಣಿಯಲ್ಲಿ ಬೇಲ್ ಕಟ್ಟಿ ಪಿರಿಯಾಪಟ್ಟಣದ ಹರಾಜಿಗೆ ಒಯ್ಯುತ್ತಾರೆ. ಅಲ್ಲಿ ಈಗ ಯಾರೂ ಬೆಲೆ ಕೂಗುವುದಿಲ್ಲ. ಕೊಳ್ಳುವವರು ಕೈಯಲ್ಲಿರುವ ಸಣ್ಣ ಯಂತ್ರದ ಗುಂಡಿ ಒತ್ತುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ಬೇಲನ್ನು ವಾಪಸು ತರಬಹುದು. ಮನೆಯಲ್ಲಿ ಬಿಚ್ಚಿ, ಎಲೆಗಳನ್ನು ಮತ್ತೆ ಜೋಡಿಸಿ, ಇನ್ನೊಂದು ದಿನ ಇಡಬಹುದು. ಹಿಂದಿನ ಸಲ ಎಷ್ಟಕ್ಕೆ ಹೋಗಿತ್ತೆಂದು ಯಾರೂ ಬಾಯಿ ಬಿಡುವುದಿಲ್ಲ. ಎಷ್ಟೋ ಸಲ ಅದೇ ಸೊಪ್ಪಿಗೆ ಹೆಚ್ಚಿನ ಬೆಲೆ ಬರುವುದೂ ಉಂಟು. ಊರಿನಲ್ಲಿ ಈ ಕೆಲಸಕ್ಕೆ ಬೀರಮ್ಮನನ್ನು ಮೀರಿಸಿದವರಿಲ್ಲ.

ಅವಳ ಕತ್ತಿನ ಗಂಟನ್ನು ಮೊದಲು ಕಂಡವಳು ಅವಳ ಅಕ್ಕ ಸೋಮಮ್ಮ. ಸಾಲಿಗ್ರಾಮದಲ್ಲಿ ತರಕಾರಿ ಅಂಗಡಿ ಇಟ್ಟಿರುವ ಆಕೆ ಪಿತೃಪಕ್ಷಕ್ಕೆಂದು ತಂಗಿಯ ಮನೆಗೆ ಬಂದಿದ್ದಳು. ಇಬ್ಬರೂ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಆಗ ನಡೆದ ಮಾತನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ.

“ಅಮ್ಮಿ, ಇನ್ನೊಂದು ಗುಟುಕು ಕುಡಿ.”

“ಯಾಕಕ್ಕ? ಸಕ್ಕರೆ ಕಮ್ಮಿ ಆಯ್ತಾ?”

“ನೀ ಕುಡಿ ಅಂದ್ರೆ. ಕತ್ತೆತ್ತಿ ಕುಡಿ.”

ಬೀರಮ್ಮ ಕತ್ತೆತ್ತಿ ನುಂಗಿದಳು. ಬಲಗಡೆ ನೆಲ್ಲಿಕಾಯಿಯಷ್ಟು ಏನೋ ಒಂದು ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯಿತು.

“ಬಂತು ನೋಡು ನಿಂಗೂ,” ಎಂದಳು ಸೋಮಮ್ಮ.

ಸೋಮಮ್ಮ ಹಾಗೆ ಹೇಳಲು ಕಾರಣವಿತ್ತು. ಒಂದೆರಡು ವರ್ಷಗಳ ಹಿಂದೆ ಅವಳ ಕತ್ತಿನಲ್ಲಿಯೂ ಇಂಥದೇ ಗಂಟು ಬಂದಿತ್ತು. ಸೂಜಿ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ತಿಳಿಯಲಿಲ್ಲವೆಂದೂ, ಅನುಮಾನವಿದೆಯೆಂದೂ ಹೇಳಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ತೆಗೆದ ಮೇಲೆ ಅದನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಇರಲಿಲ್ಲ. ಎಲ್ಲರೂ ಒಳ್ಳೆಯದಾಯಿತೆಂದರು. ಸೋಮಮ್ಮನೂ ದೇವಿಗೆ ಸೀರೆ ಉಡಿಸಿ ಹರಕೆ ತೀರಿಸಿದಳು. ಆದರೆ ಅಂದಿನಿಂದ ಬೆಳಗಾದರೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು, ಜೀವವಿರುವವರೆಗೂ. ಬೀದಿಯ ಆ ತುದಿಗೆ ಕೇಳುವಂತೆ ಸೊಪ್ಪಿನ ಹೆಸರು ಕೂಗುತ್ತಿದ್ದ ಅವಳ ಗಂಟಲು ಮಧ್ಯಾಹ್ನದ ಹೊತ್ತಿಗೆ ಗೊರಗೊರ ಎನ್ನತೊಡಗುತ್ತದೆ. “ಇಲ್ದಿರೋ ಕಾಯ್ಲೆಗೆ ಕತ್ತು ಕುಯ್ಸ್ಕಂಡೆ,” ಎಂದು ಅವಳು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ.

ಆದುದರಿಂದ ಬೀರಮ್ಮನ ಬೇಡಿಕೆ ಮೊದಲ ದಿನದಿಂದಲೂ ಒಂದೇ ಆಗಿತ್ತು. ನನ್ನ ಮುಂದೆಯೂ ಹೇಳಿದಳು, ಮೈಸೂರಿನ ಡಾಕ್ಟರ ಮುಂದೆಯೂ ಹೇಳಿದಳು: “ಇದ್ರೆ ಕುಯ್ರಿ. ನಾನೇನ್ ಎದ್ರಲ್ಲ. ಇಲ್ದಿದ್ರೆ ಮುಟ್ಟಬ್ಯಾಡ್ರಿ. ನಾ ಕೇಳೋದು ಇಷ್ಟೇ.”

ಮೈಸೂರಿನ ಡಾಕ್ಟರ ಹೆಸರು ಲಕ್ಷ್ಮಿದೇವಿ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮಾತನಾಡುವ, ಗದರಿದರೂ ಬೇಸರವೆನಿಸದ ಹೆಂಗಸು. ಸ್ಕ್ಯಾನ್ ಮಾಡಿ, ತೆಳುವಾದ ಸೂಜಿಯಿಂದ ಗಂಟಿನೊಳಗಿನ ಒಂದಿಷ್ಟು ಜೀವಕೋಶಗಳನ್ನು ಎಳೆದು, ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳುಹಿಸಿದರು. ಒಂದು ವಾರದ ನಂತರ ವರದಿ ಬಂದಿತು. ಡಾಕ್ಟರು ವಿವರಿಸಿದ್ದರೂ ಗಂಡಹೆಂಡಿರಿಗೆ ಸಮಾಧಾನವಾಗಲಿಲ್ಲ. ಬಸ್ಸಿಳಿದವರು ಮನೆಗೂ ಹೋಗದೆ ನೇರವಾಗಿ ನನ್ನ ಬಳಿಗೆ ಬಂದರು.

ಇಂಗ್ಲಿಷನ್ನು ನಾನು ಓದಬಲ್ಲೆ. ಆದರೆ ಓದುವುದು ಬೇರೆ, ತಿಳಿಯುವುದು ಬೇರೆ. ಎರಡು ಸಲ ಓದಿ ಹೇಳಿದೆನು: “ಆರು ಬಗೆ ಇರುತ್ತದಂತೆ. ಇದು ಮೂರನೆಯ ಬಗೆ. ಜೀವಕೋಶಗಳು ಪೂರ್ತಿ ಸರಿಯಾಗಿಲ್ಲ, ಕ್ಯಾನ್ಸರ್ ಎನ್ನುವಂತೆಯೂ ಇಲ್ಲ. ಇದರ ಅರ್ಥ ನಿಶ್ಚಯವಿಲ್ಲ ಎಂದು ಬರೆದಿದ್ದಾರೆ.”

“ಅಂದ್ರೆ ಐತೋ ಇಲ್ವೋ ಮೇಷ್ಟ್ರೇ?” ಎಂದನು ಕರಿಯಪ್ಪ.

“ಅದನ್ನು ಹೇಳಿಲ್ಲ.”

“ಎಲ್ಲೋ ಒಂದ್ಕಡೆ ಯೋಳಿರ್ತಾರೆ. ಇಂದಿನ ಪುಟ ತಿರುವಿ ನೋಡಿ.”

ತಿರುವಿದೆನು. ಹಿಂದಿನ ಪುಟ ಖಾಲಿಯಾಗಿತ್ತು.

ಬೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸುತ್ತಿದ್ದಳು. “ಏನು ಅಂತ ಯೋಳಕ್ಕಾಗ್ದಿದ್ಮ್ಯಾಲೆ ವರದಿ ಯಾಕೆ ಕೊಟ್ರು?” ಎಂದಳು. “ಮೂರು ತಿಂಗ್ಳು ಬುಟ್ಟು ಬಾ, ಇನ್ನೊಂದ್ಸಲ ಚುಚ್ಚಿ ನೋಡಣ ಅಂತಾರೆ. ಮೂರು ತಿಂಗ್ಳು ನಾ ನಿದ್ದೆ ಮಾಡ್ಬೇಕೋ ಬ್ಯಾಡ್ವೋ?”

ಡಾಕ್ಟರು ಹೇಳಿದಂತೆ ಕಾಯುವುದು ಒಳ್ಳೆಯದೆಂದೆನು. ಹೂಂ ಎಂದು ಎದ್ದು ಹೋದಳು. ಅವಳ ಹೂಂ ಎಂಬುದಕ್ಕೆ ಏನರ್ಥವೆಂದು ನಾಲ್ಕನೆಯ ತರಗತಿಯಲ್ಲಿಯೇ ನಾನು ಕಲಿತಿರಬೇಕಾಗಿತ್ತು.

ಮುಂದಿನ ತಿಂಗಳು ಹರಾಜಿನ ಗಡಿಬಿಡಿ. ನಾನು ಅವಳನ್ನು ಸರಿಯಾಗಿ ನೋಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಗಂಡಹೆಂಡಿರಿಬ್ಬರೂ ಬಂದರು. ಬೀರಮ್ಮ ಕತ್ತಿನ ಸುತ್ತ ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ಕರಿಯಪ್ಪನ ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ಅದರೊಳಗಿನಿಂದ ಒಂದಲ್ಲ, ಮೂರು ವರದಿಗಳು ಹೊರಬಂದವು.

“ಇದೇನಿದು?” ಎಂದೆನು.

“ಅವಳ್ನೇ ಕೇಳಿ,” ಎಂದು ಕರಿಯಪ್ಪ ಗೋಡೆಯ ಕಡೆಗೆ ತಿರುಗಿದನು.

ನಡೆದದ್ದು ಹೀಗೆ. ಮೊದಲ ವರದಿ ಬಂದ ಎರಡು ವಾರಕ್ಕೆ ಅವಳು ಕೆ.ಆರ್. ನಗರದ ಕಡೆ ಯಾವುದೋ ಲ್ಯಾಬಿಗೆ ಹೋಗಿ ಮತ್ತೆ ಸೂಜಿ ಹಾಕಿಸಿಕೊಂಡಿದ್ದಳು. ಅಲ್ಲಿ, ಅಪಾಯದ ಲಕ್ಷಣ ಕಾಣುವುದಿಲ್ಲವೆಂದು ಬರೆದುಕೊಟ್ಟರು. ಸಂತೋಷಪಟ್ಟು ಅರ್ಧ ಕಿಲೋ ಮೈಸೂರು ಪಾಕನ್ನೂ ತಂದಳು. ಆದರೆ ಕರಿಯಪ್ಪ, “ಒಬ್ರು ಅನುಮಾನ ಅಂದ್ರು, ಒಬ್ರು ಇಲ್ಲ ಅಂದ್ರು. ಒಂದಕ್ಕೊಂದು ವಜಾ. ಮೂರ್ನೇಯವ್ರು ಯೋಳ್ಳಿ,” ಎಂದನಂತೆ. ಈ ಮಾತನ್ನು ತಾನು ಆಡಲೇ ಇಲ್ಲವೆಂದು ಅವನ ವಾದ. ಅಂತೂ ಮೈಸೂರಿನ ಇನ್ನೊಂದು ಆಸ್ಪತ್ರೆಗೆ ಹೋದರು. ಅಲ್ಲಿ ಮೂರನೆಯ ಸೂಜಿ. ಆ ವರದಿಯಲ್ಲಿ ಅನುಮಾನ ಮೊದಲಿಗಿಂತ ಹೆಚ್ಚಾಗಿತ್ತು. ಜೀವಕೋಶಗಳು ವಿಕಾರವಾಗಿವೆ, ಗ್ರಂಥಿಯ ಅರ್ಧವನ್ನಾದರೂ ತೆಗೆದು ನೋಡಬೇಕು ಎಂದು ಬರೆದು, ಮುಂದಿನ ಸೋಮವಾರ ಬಂದು ಸೇರಿಕೊಳ್ಳಲು ಹೇಳಿದ್ದರು.

“ಮೊದಲಿನ ವರದಿಯನ್ನು ಅವರಿಗೆ ತೋರಿಸಿದೆಯಾ?” ಎಂದು ಕೇಳಿದೆನು.

ಬೀರಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಎಂಗೆ ತೋರ್ಸಾದು ಮೇಷ್ಟ್ರೇ? ಇಂಗಂದವ್ರೆ ಅಂತ ಮೊದ್ಲೇ ಯೋಳ್ಬುಟ್ರೆ ಅವ್ರೂ ಅದ್ನೇ ಬರ್ಕೊಡ್ತಾರೆ. ಮೊನ್ನೆ ಇಷ್ಟಕ್ಕೆ ಓಗಿತ್ತು ಅಂತ ಚೀಟಿ ಅಂಟಿಸ್ಕಂಡು ಯಾರಾದ್ರೂ ಬೇಲ್ ಇಡ್ತಾರಾ?”

“ಕತ್ತು ಬೇಲ್ ಅಲ್ಲ ಕಣಮ್ಮಿ,” ಎಂದನು ಕರಿಯಪ್ಪ, ಗೋಡೆಯ ಕಡೆಯಿಂದಲೇ.

“ನೀನು ಸುಮ್ಕಿರು. ಮೂರ್ನೇ ಕಡೆಗೆ ಬಸ್ ಅತ್ಸಿದ್ದು ಯಾರು?”

ಸೆರಗನ್ನು ಸರಿಸಿ ತೋರಿಸಿದಳು. ಕತ್ತಿನ ಬಲಗಡೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೂರೂ ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನಾನು ಮತ್ತೊಮ್ಮೆ ಓದಿದೆನು. ಗೊತ್ತಿಲ್ಲ ಎಂದು ಒಂದು, ಇಲ್ಲ ಎಂದು ಒಂದು, ಇರಬಹುದು ಎಂದು ಒಂದು. ಕತ್ತು ಒಂದೇ, ಗಂಟು ಒಂದೇ. ಯಾವುದನ್ನು ನಂಬೆಂದು ಹೇಳಲಿ? ಬಹುಮತಕ್ಕೆ ಬಿಡಲು ಇದು ಪಂಚಾಯತಿಯೂ ಅಲ್ಲ. ಲಕ್ಷ್ಮಿದೇವಿಯವರ ಬಳಿಗೇ ಮರಳಿ ಹೋಗೋಣ, ನಾನೂ ಬರುತ್ತೇನೆ ಎಂದೆನು. ಬಯ್ಯುತ್ತಾರೆಂದು ಬೀರಮ್ಮ ಹಿಂಜರಿದಳು. ಕೊನೆಗೆ, ಮೂರನೆಯ ವರದಿಯನ್ನು ಮಾತ್ರ ತೋರಿಸುವುದಾದರೆ ಬರುತ್ತೇನೆಂದು ಒಪ್ಪಿಕೊಂಡಳು. ಬಸ್ಸಿನಲ್ಲಿ ಒಪ್ಪಿಸಬಹುದೆಂದು ನಾನು ಸುಮ್ಮನಾದೆನು. ಬಸ್ಸಿನಲ್ಲಿಯೂ ಅವಳು ಒಪ್ಪಲಿಲ್ಲ.

ಸೋಮವಾರಕ್ಕೆ ಇನ್ನೂ ಸಮಯವಿರುವಾಗಲೇ ಹೋದೆವು. ವಿಷಯ ತಿಳಿದು ಸೋಮಮ್ಮ ಸಾಲಿಗ್ರಾಮದಿಂದ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಡಾಕ್ಟರು ಮೂರನೆಯ ವರದಿಯನ್ನು ಓದಿ ಹುಬ್ಬು ಗಂಟಿಕ್ಕಿದರು. ತಾವೇ ಮತ್ತೆ ಸ್ಕ್ಯಾನ್ ಮಾಡಿದರು. ಗಂಟು ಬೆಳೆದಿರಲಿಲ್ಲ, ಅದರ ಅಂಚೂ ಬದಲಾಗಿರಲಿಲ್ಲ.

“ಒಂದೇ ತಿಂಗಳಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬಂತು?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅನಂತರ ಬೀರಮ್ಮನ ಕತ್ತನ್ನು ಬೆಳಕಿಗೆ ತಿರುಗಿಸಿದರು. “ಇಲ್ಲಿ ಎರಡು ಹೊಸ ಗುರುತಿದೆಯಲ್ಲಮ್ಮ. ನಾನು ಚುಚ್ಚಿದ ಮೇಲೆ ಇವರೊಬ್ಬರೇನಾ ಚುಚ್ಚಿದ್ದು?”

ಬೀರಮ್ಮ ಸೆರಗನ್ನು ಎಳೆದು ಕತ್ತು ಮುಚ್ಚಿಕೊಂಡಳು. ಕರಿಯಪ್ಪ ನನ್ನನ್ನು ನೋಡಿದನು, ನಾನು ಸೋಮಮ್ಮನನ್ನು ನೋಡಿದೆನು.

“ತೆಗ್ದು ಕೊಡೇ ಅಮ್ಮಿ,” ಎಂದಳು ಸೋಮಮ್ಮ. “ನನ್ ಕತ್ತನ್ನ ನೋಡ್ಕಂಡು ಕೊಡು.”

ಬೀರಮ್ಮ ಸೊಂಟದ ಚೀಲದಿಂದ ನಾಲ್ಕಾಗಿ ಮಡಿಸಿದ್ದ ಎರಡನೆಯ ವರದಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ಓದಿ ಕನ್ನಡಕವನ್ನು ಹಣೆಗೇರಿಸಿದರು.

“ಇದು ಕತ್ತಾ, ಜರಡಿಯಾ? ಯಾಕಮ್ಮ ಹೀಗೆ ಮಾಡಿದಿರಿ?”

“ಯಾರ್ದಾದ್ರೂ ಒಂದು ನಿಕ್ಕಿ ಆಗ್ಲಿ ಅಂತ,” ಎಂದಳು ಬೀರಮ್ಮ, ಮೆಲ್ಲಗೆ.

ಡಾಕ್ಟರು ಅದಕ್ಕಿಂತ ಹೆಚ್ಚು ಬಯ್ಯಲಿಲ್ಲ. ಎರಡು ಕಡೆಯ ಗಾಜುಗಳನ್ನೂ ತರಿಸಿ, ತಮ್ಮ ಆಸ್ಪತ್ರೆಯಲ್ಲಿ ಅವನ್ನು ನೋಡುವವರಿಂದ ಮೊದಲಿನದರ ಜೊತೆಗೆ ಒಟ್ಟಾಗಿ ನೋಡಿಸಿದರು. ಅದಕ್ಕೆ ಮತ್ತೆ ಕೆಲವು ದಿನ ಹಿಡಿಯಿತು. ಆ ಸೋಮವಾರ ಕಳೆದುಹೋಯಿತು. ಕರಿಯಪ್ಪ ಅಂದು ಊಟ ಮಾಡಲಿಲ್ಲವೆಂದು ಆಮೇಲೆ ಕೇಳಿದೆನು. ತೆಗೆಸಿಬಿಡಬೇಕಿತ್ತು ಎಂಬುದೇ ಅವನ ಮಾತು.

ಮತ್ತೆ ಹೋದಾಗ ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಎರಡನೆಯ ಗಾಜಿನಲ್ಲಿ ರಕ್ತವೇ ಹೆಚ್ಚು. ಏನನ್ನಾದರೂ ಹೇಳುವಷ್ಟು ಜೀವಕೋಶಗಳೇ ಇರಲಿಲ್ಲ. ಆದುದರಿಂದ ಇಲ್ಲ ಎಂಬ ಆ ಮಾತನ್ನು ನಂಬುವಂತಿಲ್ಲ. ಮೂರನೆಯದರಲ್ಲಿ ಜೀವಕೋಶಗಳು ವಿಕಾರವಾಗಿದ್ದುದು ನಿಜ. ಆದರೆ ಗಾಯ ಮಾಯುವಾಗಲೂ ಜೀವಕೋಶಗಳು ಹಾಗೆ ಕಾಣುತ್ತವೆ. ಹಿಂದಿನ ಎರಡು ಸೂಜಿಗಳ ಗಾಯ ಇನ್ನೂ ಹಸಿಯಾಗಿರುವಾಗಲೇ ಮೂರನೆಯದು ಬಿದ್ದಿದೆ. ಮೂರು ತಿಂಗಳು ಬಿಟ್ಟು ಬಾ ಎಂದದ್ದು ಅದಕ್ಕೇ.

“ಅಂಗಾದ್ರೆ ಮೂರ್ನೇದು ಸುಳ್ಳು?” ಎಂದನು ಕರಿಯಪ್ಪ.

“ಸುಳ್ಳು ಅಂತ ಹೇಳಲ್ಲ. ಗಾಯಕ್ಕೂ ಹಾಗೆ ಕಾಣಬಹುದು, ಕ್ಯಾನ್ಸರಿಗೂ ಹಾಗೆ ಕಾಣಬಹುದು.”

“ಎರಡ್ನೇದು?”

“ಅದು ಲೆಕ್ಕಕ್ಕಿಲ್ಲ.”

“ಮೊದಲ್ನೇದು?”

“ಅದು ಗೊತ್ತಿಲ್ಲ ಅಂತ ಇದೆಯಲ್ಲಪ್ಪ.”

ಕರಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡನು. “ಮೇಷ್ಟ್ರೇ, ನಿಮ್ಗಾದ್ರೂ ತಿಳೀತಾ?” ಎಂದನು. ನನಗೂ ತಿಳಿದಿರಲಿಲ್ಲ. ಹೊರಟ ಕಡೆಗೇ ತಿರುಗಿ ಬಂದು ನಿಂತಂತಿತ್ತು. ಈಗ ಕತ್ತು ಮಾತ್ರ ಕಂದಿತ್ತು.

ಆಗ ಡಾಕ್ಟರು ಇನ್ನೊಂದು ಪರೀಕ್ಷೆಯ ವಿಷಯ ತೆಗೆದರು. ಎರಡು ಮೂರು ತಿಂಗಳು ಬಿಟ್ಟು, ಗಾಯ ಪೂರ್ತಿ ಮಾಗಿದ ಮೇಲೆ ಒಂದೇ ಒಂದು ಸಲ ಸೂಜಿ ಹಾಕಿ, ಬಂದದ್ದನ್ನು ಕೆಡದಂತೆ ಕಾಪಾಡುವ ದ್ರವದಲ್ಲಿ ಹಾಕಿ, ದೂರದ ಊರಿನ ದೊಡ್ಡ ಲ್ಯಾಬಿಗೆ ಕಳುಹಿಸುತ್ತಾರಂತೆ. ಅಲ್ಲಿ ಜೀವಕೋಶದ ರೂಪವನ್ನಷ್ಟೇ ನೋಡುವುದಿಲ್ಲ. ಅದರೊಳಗೆ ಅದರ ಬೆಳವಣಿಗೆಯನ್ನು ನಡೆಸುವ ಜೀನ್‌ಗಳನ್ನು ಓದುತ್ತಾರೆ. ಥೈರಾಯ್ಡಿನ ಕ್ಯಾನ್ಸರ್ ಗಂಟುಗಳಲ್ಲಿ ಆ ಜೀನ್‌ಗಳ ಗೊತ್ತಾದ ಕೆಲವು ಜಾಗಗಳು ಕೆಟ್ಟಿರುವುದುಂಟು. ಅವು ಕೆಟ್ಟಿವೆಯೋ ಇಲ್ಲವೋ ಎಂದು ಹುಡುಕುತ್ತಾರೆ. ಮೊಲಿಕ್ಯುಲಾರ್ ಪರೀಕ್ಷೆ ಎಂದು ಅದರ ಹೆಸರು. ದುಬಾರಿಯದು ಎಂದೂ ಮೊದಲೇ ಹೇಳಿದರು. ಅಲ್ಲಿಯವರೆಗೆ ಎಲ್ಲಿಯೂ ಚುಚ್ಚಿಸಿಕೊಳ್ಳಬೇಡಿ, ಗಂಟನ್ನು ಯಾರೂ ಮುಟ್ಟಬಾರದು ಎಂದರು.

ಜೀನ್ ಎಂಬ ಮಾತು ಕೇಳಿದೊಡನೆ ಬೀರಮ್ಮ ಕುರ್ಚಿಯ ತುದಿಗೆ ಬಂದಳು. “ಅದು ವಂಶದ್ದಲ್ವಾ ಡಾಕ್ಟ್ರಮ್ಮ? ಟಿವಿಲಿ ತೋರ್ಸಿದ್ರು. ನಂದು ಕೆಟ್ಟಿದ್ರೆ ನಮ್ ಪ್ರಿಯಾಂದೂ ಕೆಟ್ಟಿರ್ತದಾ? ಅವಳತ್ತೆ ಮನೆಯವ್ರಿಗೆ ಗೊತ್ತಾದ್ರೆ?”

“ಇಲ್ಲಮ್ಮ. ಇದು ಗಂಟಿನೊಳಗೆ ಮಾತ್ರ ಆದ ಬದಲಾವಣೆ ನೋಡೋದು. ಹುಟ್ಟಿನಿಂದ ಬಂದದ್ದಲ್ಲ. ನಿಮ್ಮ ಮಗಳಿಗೂ ಇದಕ್ಕೂ ಸಂಬಂಧ ಇಲ್ಲ.”

“ಅಕ್ಕಂಗೂ ಬಂತು, ನಂಗೂ ಬಂತು. ಅಂಗಿದ್ರೂ ಇಲ್ವಾ?”

“ಗಂಟು ಬರೋದು ತುಂಬಾ ಜನಕ್ಕೆ. ಹೆಂಗಸರಲ್ಲಿ ಇನ್ನೂ ಜಾಸ್ತಿ. ಮುಕ್ಕಾಲುಪಾಲಿಗೂ ಹೆಚ್ಚು ಗಂಟುಗಳು ಏನೂ ಮಾಡಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ಸೋಮಮ್ಮ ಒರಟು ದನಿಯಲ್ಲಿ ಕೇಳಿದಳು: “ಈ ಪರೀಕ್ಸೇನೂ ಕೊನೇಗೆ ಗೊತ್ತಿಲ್ಲ ಅಂದ್ರೆ?”

ಡಾಕ್ಟರು ಹೇಳಿದರು: “ಆಗಲೂಬಹುದು. ಕೆಲವು ಬದಲಾವಣೆ ಸಿಕ್ಕರೆ ಕ್ಯಾನ್ಸರ್ ಇರೋದು ಹೆಚ್ಚುಕಡಿಮೆ ಖಂಡಿತ, ಆಪರೇಷನ್ ಮಾಡಬೇಕು. ಏನೂ ಸಿಗದಿದ್ದರೆ ಇಲ್ಲದೆ ಇರೋ ಸಂಭವವೇ ಹೆಚ್ಚು, ಕಾಯಬಹುದು. ಮಧ್ಯದ್ದು ಬಂದರೆ ಮತ್ತೆ ಕೂತು ಮಾತಾಡಬೇಕು. ನಾನು ಸುಳ್ಳು ಭರವಸೆ ಕೊಡಲ್ಲ.”

ಕಾಯುವ ಅಷ್ಟು ದಿನಗಳಲ್ಲಿ ಅದು ಹರಡಿಬಿಟ್ಟರೇನು ಗತಿಯೆಂದು ಕರಿಯಪ್ಪ ಕೇಳಿದನು. ಗಂಟು ಚಿಕ್ಕದು, ಸ್ಕ್ಯಾನಿನಲ್ಲಿ ಕೆಟ್ಟ ಲಕ್ಷಣಗಳಿಲ್ಲ, ಇಂಥವು ಬಹಳ ನಿಧಾನವಾಗಿ ಬೆಳೆಯುವಂಥವು ಎಂದರು. ಹೊರಡುವಾಗ ಅದನ್ನೇ ಮತ್ತೆ ಕೇಳಿದನು. ಬಾಗಿಲವರೆಗೆ ಹೋದವನು ತಿರುಗಿ ಬಂದು ಇನ್ನೊಮ್ಮೆ ಕೇಳಿದನು. ಡಾಕ್ಟರು ಅಷ್ಟೂ ಸಲವೂ ಅದೇ ಉತ್ತರವನ್ನು ಅದೇ ತಾಳ್ಮೆಯಿಂದ ಕೊಟ್ಟರು. ನಾನು ನನ್ನ ಕೆಲಸದಲ್ಲಿ ಅಷ್ಟು ತಾಳ್ಮೆಯಿಟ್ಟ ದಿನಗಳು ಕಡಿಮೆ.

ಆ ತಿಂಗಳುಗಳಲ್ಲಿ ಬೀರಮ್ಮನ ಮನೆಯಲ್ಲಿ ಸೊಪ್ಪಿನ ವಾಸನೆಗಿಂತ ವಾದದ ಸದ್ದೇ ಹೆಚ್ಚಾಗಿತ್ತು. ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಂಟಿಗೆ ಕಬ್ಬಿಣ ಸೋಕಿದರೆ ಕೆರಳುತ್ತದೆ ಎಂದರು ಕೆಲವರು. ಎಚ್.ಡಿ. ಕೋಟೆಯ ಕಡೆ ಒಬ್ಬರು ಸೊಪ್ಪಿನ ಪಟ್ಟು ಹಾಕಿ ಗಂಟು ಕರಗಿಸುತ್ತಾರೆಂದು ಯಾರೋ ಹೇಳಿದರು. ಅದನ್ನು ಕೇಳಿದ ಮರುದಿನವೇ ಬೀರಮ್ಮ ಕೈಯಲ್ಲಿ ಚೀಲ ಹಿಡಿದು ನಮ್ಮ ಜಗಲಿಯ ಮುಂದೆ ನಿಂತಳು.

“ಚುಚ್ಚಬ್ಯಾಡಿ ಅಂದವ್ರೆ. ಪಟ್ಟು ಆಕ್ಸ್ಬ್ಯಾಡಿ ಅಂತ ಯೋಳಿಲ್ವಲ್ಲ ಮೇಷ್ಟ್ರೇ?”

“ಯಾರೂ ಮುಟ್ಟಬಾರದು ಎಂದದ್ದು ನೆನಪಿಲ್ಲವೇ?”

“ಮುಟ್ಟಬಾರ್ದು ಅಂದ್ರೆ ಸೂಜಿಲೋ, ಕೈಯಲ್ಲೋ?”

“ಎರಡರಲ್ಲಿಯೂ.”

ಜಗಲಿಯ ಮೇಲೆ ಕುಳಿತುಬಿಟ್ಟಳು. “ನಾನು ಸುಮ್ಕೆ ಕೂತವ್ಳಲ್ಲ. ಒಂದು ಬೆಲೆ ಬರ್ನಿಲ್ಲ ಅಂದ್ರೆ ಇನ್ನೊಂದ್ಕಡೆ ನೋಡೋಳು. ಇದ್ರಲ್ಲಿ ನೋಡಿದಷ್ಟೂ ಕೆಡ್ತಾ ಓಯ್ತಲ್ಲ ಮೇಷ್ಟ್ರೇ, ಅದೆಂಗೆ?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಚಿಕ್ಕಂದಿನಲ್ಲಿ ಕೂಡ ನಾನು ಅವಳು ಅತ್ತದ್ದನ್ನು ನೋಡಿರಲಿಲ್ಲ. ನನ್ನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಬಸ್ಸು ಹೋಗುವ ಸದ್ದು ಕೇಳುವವರೆಗೂ ಕುಳಿತಿದ್ದು ಮನೆಗೆ ಹೋದಳು.

ಸಂಕ್ರಾಂತಿ ಮುಗಿದು ಒಂದಿಷ್ಟು ದಿನಕ್ಕೆ ಸೂಜಿ ಹಾಕಿಸಿಕೊಂಡು ಬಂದರು. ವರದಿ ಬರಲು ಎರಡು ಮೂರು ವಾರ ಹಿಡಿಯಿತು. ಅದು ಬಂದಿದೆಯೆಂದು ಫೋನು ಬಂದಾಗ ನಾವು ನಾಲ್ವರೂ ಮತ್ತೆ ಹೋದೆವು. ಡಾಕ್ಟರು ಕಾಗದವನ್ನು ನನ್ನ ಕಡೆಗೆ ಚಾಚದೆ ಬೀರಮ್ಮನನ್ನೇ ನೋಡಿ ಹೇಳಿದರು.

“ಹುಡುಕಿದ ಕೆಟ್ಟ ಬದಲಾವಣೆ ಯಾವುದೂ ಸಿಕ್ಕಿಲ್ಲ. ಜೊತೆಗೆ ತೆಗೆದ ಗಾಜಿನಲ್ಲೂ ಆ ವಿಕಾರ ಈಗ ಕಾಣ್ತಿಲ್ಲ. ಮೊದಲನೇ ಸಲ ಇದ್ದ ಹಾಗೇ ಇದೆ.”

“ಇಲ್ಲ ಅಂತಲಾ?”

“ಇಲ್ಲದೆ ಇರೋ ಸಂಭವ ತುಂಬಾ ಹೆಚ್ಚು ಅಂತ. ಇಂಥ ವರದಿ ಬಂದ ನೂರು ಜನರಲ್ಲಿ ಮೂರು ನಾಲ್ಕು ಜನಕ್ಕೆ ಮುಂದೆ ಕ್ಯಾನ್ಸರ್ ಅಂತ ಗೊತ್ತಾಗೋದುಂಟು.”

“ಆ ನಾಲ್ಕರಲ್ಲಿ ನಾನಿಲ್ಲ ಅಂತ ಬರ್ಕೊಡಿ.”

“ಅದನ್ನ ಬರ್ಕೊಡಕ್ಕೆ ಯಾರಿಂದಲೂ ಆಗಲ್ಲಮ್ಮ.”

ಡಾಕ್ಟರು ಮುಂದುವರಿಸಿದರು. ಆಪರೇಷನ್ ಬೇಡ, ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಿರೋಣ ಎಂಬುದು ಅವರ ಸಲಹೆ. ಬೆಳೆದರೆ ಆಗ ಯೋಚಿಸಬಹುದು. ಆದರೆ ಆ ಮೂರು ನಾಲ್ಕರ ಚಿಂತೆಯಲ್ಲಿ ಬದುಕಲಾರೆ ಎನ್ನುವವರಿಗೆ ಅರ್ಧ ಗ್ರಂಥಿಯನ್ನು ತೆಗೆಯುವುದೂ ತಪ್ಪಲ್ಲ. ಹಾಗೆ ತೆಗೆಸಿಕೊಂಡವರೂ ಇದ್ದಾರೆ. ಯಾವುದೆಂದು ಬೀರಮ್ಮನೇ ಹೇಳಬೇಕು.

“ತೆಗ್ಸ್ಬುಡು,” ಎಂದನು ಕರಿಯಪ್ಪ ಕೂಡಲೇ. “ನಾಲ್ಕಲ್ಲ, ಒಂದೇ ಆದ್ರೂ ಬ್ಯಾಡ. ದುಡ್ಡು ಓದ್ರೆ ಓಗ್ಲಿ, ಸೊಪ್ಪು ಓದ್ರೆ ಓಗ್ಲಿ. ನೀನೇ ಓದ್ರೆ ನಾನೇನ್ ಮಾಡ್ಲಿ?” ಅಷ್ಟು ಹೇಳಿ, ಡಾಕ್ಟರ ಮುಂದೆ ಹೀಗೆ ಮಾತನಾಡಿದೆನಲ್ಲಾ ಎಂದು ನಾಚಿ, ಕಿಟಕಿಯ ಹೊರಗೆ ನೋಡತೊಡಗಿದನು.

ಬೀರಮ್ಮ ನನ್ನ ಕಡೆಗೆ ತಿರುಗಿದಳು. ನಾನು ತಲೆಯಾಡಿಸಿದೆನು, ಸರಿಯೆಂದೂ ಅಲ್ಲ, ತಪ್ಪೆಂದೂ ಅಲ್ಲ. ಅವಳು ಅಕ್ಕನ ಕೈ ಹಿಡಿದಳು. “ಅಕ್ಕಾ, ನೀನು ಯೋಳು.”

ಸೋಮಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ನನ್ನ ಕೇಳ್ಬ್ಯಾಡ ಕಣಮ್ಮಿ. ನಂಗೂ ಯಾರಾದ್ರೂ ಈ ಪರೀಕ್ಸೆ ಅಂತ ಒಂದೈತೆ ಅಂದಿದ್ರೆ... ತೆಗ್ಸು ಅಂದ್ರೆ ನಂಗಾದಂಗೆ ನಿಂಗೂ ಆಗ್ಲಿ ಅಂದಂಗಾಯ್ತದೆ. ತೆಗ್ಸ್ಬ್ಯಾಡ ಅಂತೀನಿ ಅಂದ್ರೆ, ನಾ ಕಳ್ಕೊಂಡಿದ್ದು ನಿಂಗಾದ್ರೂ ಉಳೀಲಿ ಅನ್ನೋ ಆಸೆ. ಆ ಆಸೇಲಿ ಯೋಳಿ ನಾಳೆ ನಿಂಗೇನಾದ್ರೂ ಆದ್ರೆ? ನನ್ ಬಾಯಲ್ಲಿ ಏನೂ ಬತ್ತಾ ಇಲ್ಲ.” ದನಿ ಅಲ್ಲಿಗೆ ಕಟ್ಟಿಹೋಯಿತು. ಅದು ಅಳುವೋ, ಮಧ್ಯಾಹ್ನವಾದುದರಿಂದ ಗಂಟಲು ಸೋತದ್ದೋ ನನಗೆ ತಿಳಿಯಲಿಲ್ಲ.

ಬೀರಮ್ಮ ಕತ್ತಿಗೆ ಕೈಯಿಟ್ಟುಕೊಂಡು ಒಮ್ಮೆ ಉಗುಳು ನುಂಗಿದಳು. ಗಂಟು ಬೆರಳಿನ ಕೆಳಗೆ ಮೇಲೆ ಹೋಗಿ ಇಳಿದಿರಬೇಕು. ಅನಂತರ ಡಾಕ್ಟರನ್ನು ಕೇಳಿದಳು:

“ಆರು ತಿಂಗ್ಳಿಗೆ ಬಾ ಅಂದ್ರಲ್ಲ, ಅದು ಯಾವ ತಾರೀಕು?”

ಡಾಕ್ಟರು ತಾರೀಕು ಹೇಳಿದರು.

“ಅವತ್ತು ಬತ್ತೀನಿ. ಬೇರೆ ಎಲ್ಲೂ ಓಗಕಿಲ್ಲ. ಈಗ ಕುಯ್ಯಾದು ಬ್ಯಾಡ.”

ಕರಿಯಪ್ಪ ಏನೋ ಹೇಳಲು ಹೋದನು. “ಬ್ಯಾಡ ಅಂದೆ,” ಎಂದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ನಂಗೂ ಭಯ ಐತೆ ಕಣ. ಇಲ್ಲ ಅನ್ಕಬ್ಯಾಡ,” ಎಂದಳು.

ಸಾಲಿಗ್ರಾಮದ ಬಸ್ಸು ಮೊದಲು ಬಂದಿತು. ಸೋಮಮ್ಮ ಹತ್ತುವಾಗ ತಂಗಿಯ ಕೆನ್ನೆಯನ್ನು ಹಿಂಡಿ ಹೋಗಿ ಕುಳಿತಳು. ನಾವು ಮೂವರು ಪಿರಿಯಾಪಟ್ಟಣದ ಬಸ್ಸು ಹಿಡಿದೆವು. ಹುಣಸೂರು ದಾಟಿತು. ಕರಿಯಪ್ಪ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದನು:

“ಮೇಷ್ಟ್ರೇ, ಆ ನೂರರಲ್ಲಿ ನಾಲ್ಕು ಜನ ಅಂದ್ರಲ್ಲ. ಅವ್ರು ಯಾರು ಅಂತ ಅವ್ರಿಗೇ ಎಂಗೆ ಗೊತ್ತಾಗ್ತದೆ?”

“ಮೊದಲೇ ಗೊತ್ತಾಗುವುದಿಲ್ಲ ಕರಿಯಪ್ಪ.”

“ಅಂಗಾದ್ರೆ ಆರು ತಿಂಗ್ಳೂ ನಾವು ಏನಂತ ತಿಳ್ಕಂಡಿರಾದು? ಐತೆ ಅಂತಲೋ, ಇಲ್ಲ ಅಂತಲೋ?”

ಮುಂದಿನ ಸೀಟಿನಲ್ಲಿದ್ದ ಬೀರಮ್ಮ ತಿರುಗದೆಯೇ ಹೇಳಿದಳು: “ಕತ್ತಲ್ಲಿ ಗಂಟೈತೆ ಅಂತ ತಿಳ್ಕಂಡಿರು. ಅದು ದಿಟ.”

ಕಿಟಕಿಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಕರಿಯಪ್ಪ ಎದ್ದು, ಅವಳ ಕತ್ತಿಗೆ ಗಾಳಿ ತಾಗದಿರಲೆಂದು ಗಾಜನ್ನು ಎಳೆದು ಮುಚ್ಚಿ ಬಂದು ಕುಳಿತನು. ಅವಳು ಅವನತ್ತ ನೋಡದೆ ಅದನ್ನು ಅರ್ಧಕ್ಕೆ ತೆರೆದುಕೊಂಡಳು.